ಮೂವರ ಮನೆ, ನಾಲ್ವರ ಉತ್ತರ

ಎತ್ತರ ಐದು ಅಡಿಗೆ ಎರಡು ಬೆರಳು ಕಮ್ಮಿ. ನೂಲು ಗಟ್ಟಿ, ಬಣ್ಣ ಪಕ್ಕಾ, ಎಷ್ಟು ಒಗೆದರೂ ಬಿಡುವಂಥದ್ದಲ್ಲ. ಆದರೆ ಮಡಿಕೆ ಮಾತ್ರ ಒಪ್ಪವಾಗಿ ಕೂಡುವುದಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದು ನಿಲ್ಲುತ್ತದೆ. ಇಂಥ ಸೀರೆಯನ್ನು ಯಾವ ವ್ಯಾಪಾರಿಯೂ ಗಿರಾಕಿಯ ಮುಂದೆ ಮೊದಲು ಹಾಸುವುದಿಲ್ಲ. ಹತ್ತು ಸೀರೆ ತೋರಿಸಿ, ಗಿರಾಕಿ ಸೋತು ಕೂತ ಮೇಲೆ, 'ಇದೊಂದು ಐತಿ ನೋಡ್ರಿ' ಎಂದು ಮೆಲ್ಲಗೆ ತೆಗೆಯಬೇಕು. ಕೊಂಡವರು ಇಪ್ಪತ್ತು ವರ್ಷ ಉಡುತ್ತಾರೆ. ಕೊಳ್ಳದವರು ಮಡಿಕೆ ಸರಿಯಿಲ್ಲ ಅಂತ ಹೇಳಿಕೊಂಡು ಹೋಗುತ್ತಾರೆ.

ಇಳಕಲ್ಲಿನಲ್ಲಿ ಸೀರೆ ಮಾರಿ ಮಾರಿ ಸವೆದ ನನ್ನ ಕಣ್ಣಿಗೆ ಶಿವಬಸವ್ವ ಕಂಡದ್ದು ಹೀಗೆ. ನಮ್ಮ ಅಂಗಡಿಯ ಎದುರು ಮನೆಯ ಹುಡುಗಿ. ಅಪ್ಪ ನೂಲಿನ ಏಜೆಂಟನಾಗಿದ್ದವನು ಅವಳು ಹೈಸ್ಕೂಲಿನಲ್ಲಿದ್ದಾಗಲೇ ತೀರಿಹೋದ. ತಾಯಿ ಗುರುಸಿದ್ದವ್ವ. ಆಮೇಲೆ ಆ ಮನೆಯ ಭಾರ ಹೊತ್ತವನು ಗುರುಸಿದ್ದವ್ವನ ತಮ್ಮ ರಾಚಪ್ಪ, ಬಾದಾಮಿಯಲ್ಲಿ ಶೇಂಗಾ ದಲ್ಲಾಲಿ. ತಿಂಗಳಿಗೊಮ್ಮೆ ಬರುತ್ತಿದ್ದ, ಒಂದು ಚೀಲ ಜೋಳ, ಒಂದು ಡಬ್ಬಿ ಎಣ್ಣೆ ಇಳಿಸಿ, ಚಾ ಕುಡಿದು, ಸೊಸೆಯ ತಲೆ ಸವರಿ ಹೋಗುತ್ತಿದ್ದ. ಶಿವಬಸವ್ವನಿಗಿಂತ ಹನ್ನೆರಡು ವರ್ಷ ದೊಡ್ಡವನು. ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ, ದಲ್ಲಾಲಿಯಾಗಿಯೂ ಹತ್ತಕ್ಕೆ ಎಂಟು ಮಾತು ಖರೆ ಹೇಳುತ್ತಿದ್ದ. ಇನ್ನೂ ಲಗ್ನವಾಗಿರಲಿಲ್ಲ. ಯಾಕೆ ಅಂತ ಊರಲ್ಲಿ ಯಾರೂ ಕೇಳುತ್ತಿರಲಿಲ್ಲ. ಶಿವಬಸವ್ವ ತೊಟ್ಟಿಲಲ್ಲಿದ್ದಾಗಲೇ ಅಕ್ಕ ಮಾತು ಕೊಟ್ಟಿದ್ದಳು. ನಮ್ಮ ಕಡೆ ಅದೇನು ಹೊಸದಲ್ಲ. ಅಕ್ಕನ ಮಗಳನ್ನು ತಮ್ಮ ಮಾಡಿಕೊಳ್ಳುವುದು ನಾವು ಉಪ್ಪಿನಕಾಯಿ ಹಾಕುವಷ್ಟೇ ಸಹಜ.

ಗುರುಸಿದ್ದವ್ವನ ಲೆಕ್ಕಾಚಾರವೂ ತಪ್ಪೇನಲ್ಲ. "ಹೊರಗಿನ ಮನಿಗೆ ಕೊಟ್ರ ಅತ್ತಿ ಹ್ಯಾಂಗ ಇರ್ತಾಳೋ ಏನೋ ಅಣ್ಣಾರ. ಇಲ್ಲಿ ಅತ್ತಿ ಅಂದ್ರ ನಮ್ಮವ್ವನ. ತನ್ನ ಮೊಮ್ಮಗಳಿಗೆ ತುತ್ತು ಕಮ್ಮಿ ಹಾಕ್ತಾಳೇನು?" ಎನ್ನುತ್ತಿದ್ದಳು. ಈ ಮಾತಿಗೆ ಎದುರು ಹೇಳುವ ಮನಸ್ಸು ನನಗೆ ಇರಲಿಲ್ಲ ಅನ್ನಿ. ಲಗ್ನ ಅಂದರೆ ನನ್ನ ಅಂಗಡಿಗೆ ಹದಿನೈದು ಸೀರೆ.

ನಡುವೆ ಬಂದದ್ದು ಒಂದು ಪರೀಕ್ಷೆ. ಶಿವಬಸವ್ವ ಊರ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ ವರ್ಷ ಪೇಪರಿನಲ್ಲಿ ಒಂದು ಜಾಹೀರಾತು ನೋಡಿದಳು. ಪುಣೆಯ ಕಡೆಯ ಒಂದು ಶಾಲೆ. ಸಹಕಾರಿ ಸಂಘಗಳಿಗೆ ಮ್ಯಾನೇಜರುಗಳನ್ನು ತಯಾರು ಮಾಡುತ್ತಾರಂತೆ. ಎರಡು ವರ್ಷದ ಓದು, ಹಾಸ್ಟೆಲು ಊಟ ಅವರದ್ದೇ. ಆದರೆ ಪ್ರವೇಶ ಪರೀಕ್ಷೆ ಇದೆ, ಅದೂ ದೇಶಕ್ಕೆಲ್ಲ ಒಂದೇ. ಕೇಂದ್ರ ಬಾಗಲಕೋಟೆಯಲ್ಲೂ ಇತ್ತು. ಇಂಗ್ಲಿಷು, ಗಣಿತ, ಮೂರನೆಯದು ತರ್ಕ. ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಒಂದಕ್ಕೆ ಗುರುತು ಹಾಕಬೇಕು. ತಪ್ಪಿದರೆ ಇದ್ದ ಮಾರ್ಕಿಗೂ ಕತ್ತರಿ.

ಎಂಬತ್ತೆರಡನೆಯ ಇಸವಿಯಲ್ಲಿ ಮೊದಲ ಸಲ ಬರೆದಳು. ಸ್ವಲ್ಪದರಲ್ಲಿ ಹೋಯಿತು. ಅವಳು ಮೂರು ದಿನ ಅತ್ತಳು, ನಾಲ್ಕನೆಯ ದಿನ ತಾಯಿಯ ಮುಂದೆ ಕೂತಳು. ಗುರುಸಿದ್ದವ್ವ ಒಂದು ಕರಾರು ಹಾಕಿದಳು. "ಮುಂದಿನ ವರ್ಷ ಇನ್ನೊಂದು ಸಲ ಬರಿ. ಪಾಸಾದ್ರ ನೋಡೂಣು. ಆಗಲಿಲ್ಲ ಅಂದ್ರ ವೈಶಾಖದಾಗ ಲಗ್ನದ ಅಕ್ಕಿಕಾಳು."

ಈ 'ನೋಡೂಣು' ಎಂಬ ಮಾತು ನನಗೆ ಚೆನ್ನಾಗಿ ಗೊತ್ತು. ಸೀರೆ ಕೊಳ್ಳದೆ ಎದ್ದು ಹೋಗುವ ಗಿರಾಕಿ ಹೊಸ್ತಿಲ ಮೇಲೆ ನಿಂತು ಹೇಳುವ ಮಾತು ಅದು. ಆದರೆ ಹುಡುಗಿ ಅದನ್ನೇ ಸೆರಗಿಗೆ ಗಂಟು ಹಾಕಿಕೊಂಡಳು.

ನಾನು ವ್ಯಾಪಾರಕ್ಕೆ ಪುಣೆಗೆ ಹೋಗುತ್ತಿದ್ದವನು. ಆ ಸಲ ಅವಳು ಹೇಳಿ ಕಳಿಸಿದ್ದ ಗೈಡು ತಂದುಕೊಟ್ಟೆ. ದಿಂಡುಗಲ್ಲಿನಷ್ಟು ದಪ್ಪ, ಹಿಂದೆ ಉತ್ತರಗಳೂ ಇದ್ದವು. ಅಂದಿನಿಂದ ನನ್ನ ಅಂಗಡಿಯ ಕಟ್ಟೆ ಅವಳ ಸಾಲೆಯಾಯಿತು. ಮನೆಯಲ್ಲಿ ಪುಸ್ತಕ ತೆರೆದರೆ ತಾಯಿ ಹಪ್ಪಳದ ಹಿಟ್ಟು ಮುಂದೆ ಇಡುತ್ತಿದ್ದಳಂತೆ.

ಯಾರು ಎಲ್ಲಿ ಕೂತಿದ್ದಾರೆ ಎಂಬ ಲೆಕ್ಕಗಳಲ್ಲಿ ಅವಳು ಹುಲಿ. ಆರು ಜನ ದುಂಡು ಮೇಜಿನ ಸುತ್ತ ಕೂತಿದ್ದಾರೆ, ಅವನ ಬಲಕ್ಕೆ ಇವನಿಲ್ಲ, ಇವಳ ಎದುರಿಗೆ ಅವಳಿಲ್ಲ, ಹಾಗಾದರೆ ಐದನೆಯವನು ಎಲ್ಲಿ ಕೂತ? ನನಗೆ ಪ್ರಶ್ನೆ ಓದುವಷ್ಟರಲ್ಲಿ ತಲೆ ಸುತ್ತುತ್ತಿತ್ತು. "ಆರು ಮಂದಿಗೆ ಇಷ್ಟು ತಕರಾರೇನವ್ವಾ? ನಮ್ಮೂರ ಲಗ್ನದ ಪಂಕ್ತಿ ತೋರಿಸಿದ್ರ ಈ ಪ್ರಶ್ನೆ ಬರದಾಂವ ನೌಕರಿ ಬಿಟ್ಟು ಓಡಿ ಹೋಗ್ತಾನ" ಎಂದರೆ ನಗುತ್ತಿದ್ದಳು, ನಗುತ್ತಲೇ ಉತ್ತರ ಬರೆಯುತ್ತಿದ್ದಳು.

ಅವಳು ಸೋಲುತ್ತಿದ್ದದ್ದು ಸಂಬಂಧದ ಲೆಕ್ಕಗಳಲ್ಲಿ. ಒಂದು ದಿನ ಪೆನ್ಸಿಲು ನೆಲಕ್ಕೆ ಎಸೆದಳು.

"ಕಾಕಾ, ನೀವ ಹೇಳ್ರಿ. ಒಂದು ಮನ್ಯಾಗ ಒಬ್ಬಾಕಿ ಅಜ್ಜಿ ಅದಾಳ, ಒಬ್ಬಾಕಿ ಮೊಮ್ಮಗಳು ಅದಾಳ. ಒಬ್ಬಾಕಿ ಅತ್ತಿ, ಒಬ್ಬಾಕಿ ಸೊಸಿ. ಒಬ್ಬ ಗಂಡ, ಒಬ್ಬಾಕಿ ಹೆಂಡತಿ. ಆ ಮೊಮ್ಮಗಳಿಗೆ ಸ್ವಾದರಮಾವನೂ ಅಲ್ಲೇ ಅದಾನ. ಕಮ್ಮೀತ ಕಮ್ಮಿ ಎಷ್ಟು ಮಂದಿ?"

ನಾನು ಬೆರಳು ಮಡಚಿದೆ. ಅಜ್ಜಿಯೇ ಅತ್ತೆ, ಒಂದು. ಸೋದರಮಾವನೇ ಗಂಡ, ಎರಡು. ಮೊಮ್ಮಗಳೇ ಹೆಂಡತಿ, ಅವಳೇ ಸೊಸೆ, ಮೂರು. "ಮೂರು" ಎಂದೆ.

"ನಾನೂ ಮೂರ ಬರದೆ. ಹಿಂದಿನ ಹಾಳಿ ನೋಡ್ರಿ. ನಾಕು ಅಂತ!"

"ನಾಲ್ಕನೇದು ಯಾರು?"

"ಗೊತ್ತಿಲ್ರಿ! ಯಾರೋ ಒಬ್ಬಾಕಿ ಬಂದು ಕುಂತಾಳ!"

ನನಗೂ ಸಿಟ್ಟು ಬಂತು. ಮೂರು ಜನರಲ್ಲಿ ಮುಗಿಯುವ ಕೆಲಸಕ್ಕೆ ನಾಲ್ಕನೆಯವರನ್ನು ಇಟ್ಟು ಊಟ ಹಾಕುವುದು ಯಾವ ಲೆಕ್ಕ? "ಈ ಗೈಡು ತಪ್ಪು ಐತಿ. ವಾಪಸ್ ಕೊಟ್ಟು ಬರ್ತೇನಿ" ಎಂದೆ.

ಆಗ ಅಂಗಡಿಯಲ್ಲಿ ಚಮನಸಾಬನಿದ್ದ. ನಮಗೆ ನೂಲಿಗೆ ಬಣ್ಣ ಹಾಕಿಕೊಡುವವನು, ಬೆರಳುಗಳು ಯಾವಾಗಲೂ ನೀಲಿ. ಪುಸ್ತಕ ತಪ್ಪು ಅಂದದ್ದು ಕೇಳಿ ತಿರುಗಿದ. "ಏನ್ ಸಾವಕಾರ, ಛಾಪಿಸಿದ್ದು ತಪ್ಪು ಹ್ಯಾಂಗ ಆಕ್ಕೈತ್ರಿ? ಇನ್ನೊಮ್ಮಿ ಓದಾಕ ಹಚ್ರಿ."

ಅವಳು ಓದಿದಳು. ಚಮನಸಾಬ ಗಡ್ಡ ಕೆರೆದುಕೊಂಡು ಎಣಿಸಿದ. "ಮುದುಕಿ ಒಂದು. ಆಕಿ ಮಗಾ ಎರಡು. ಆ ಮಗನ ಹೇಣ್ತಿ ಮೂರು. ಮೊಮ್ಮಗಳು ನಾಕು. ನಾಕ ಐತಲ್ಲ? ಸರಿ ಐತಿ."

"ಹೇಣ್ತಿ ಯಾಕ ಬ್ಯಾರೆ? ಮೊಮ್ಮಗಳನ್ನ ಮಾಡ್ಕೊಳ್ಳಲಿ" ಎಂದೆ.

"ತೋಬಾ ತೋಬಾ!" ಚಮನಸಾಬ ನೀಲಿ ಕೈಯಿಂದ ಕಿವಿ ಮುಟ್ಟಿಕೊಂಡ, ಕಿವಿಯೂ ನೀಲಿಯಾಯಿತು. "ನಮ್ಮೊಳಗ ಮಾಮೂ ಅಂದ್ರ ಮಾಮೂನ. ಅಕ್ಕನ ಮಗಳು ಅಂದ್ರ ಮಗಳು ಇದ್ದಾಂಗ. ಮುಗೀತು."

ಶಿವಬಸವ್ವ ಅವನನ್ನೇ ನೋಡಿದಳು. ಆಮೇಲೆ ಪುಸ್ತಕ ತಿರುವಿ ಹಾಕಿ, ಇನ್ನೊಂದು ಲೆಕ್ಕ ತೆಗೆದಳು, ಅದನ್ನೂ ಚಮನಸಾಬನಿಗೇ ಓದಿದಳು. ಅದೂ ಸರಿಯಾಯಿತು. ಹಿಂದಿನ ವರ್ಷ ಅವಳು ಎಲ್ಲಿ ಬಿದ್ದಳು ಎಂಬುದು ನಮಗೆ ಆ ಹೊತ್ತು ತಿಳಿಯಿತು. ಸಂಬಂಧದ ಲೆಕ್ಕ ಬಂದಲ್ಲೆಲ್ಲ ಅವಳಿಗೆ ಎರಡೆರಡು ಉತ್ತರ ಕಾಣುತ್ತಿತ್ತು. ಸುಳ್ಳು ಬರೆಯಬಾರದು ಅಂತ, 'ಖಚಿತವಾಗಿ ಹೇಳಲು ಬಾರದು' ಅನ್ನುವುದಕ್ಕೆ ಗುರುತು ಹಾಕಿ ಬಂದಿದ್ದಳು. ನಮ್ಮ ಓಣಿಯ ಮಟ್ಟಿಗೆ ಅವು ಅಷ್ಟೂ ಸರಿ. ಪುಣೆಯ ಮಟ್ಟಿಗೆ ಅಷ್ಟೂ ಸೊನ್ನೆ.

ನಾನು ವ್ಯಾಪಾರಿಯ ಬುದ್ಧಿ ಹೇಳಿದೆ. "ನೋಡು ಶಿವವ್ವ, ಸೊಲ್ಲಾಪುರದಾಂವ ಬಂದು ಹಸಿರು ದಡಿ ಸೀರಿ ಕೇಳಿದ್ರ ನಾ ಕೆಂಪು ಛಲೋ ಅಂತ ವಾದ ಮಾಡೂದಿಲ್ಲ. ಹಸಿರು ಕೊಡ್ತೇನಿ. ಪ್ರಶ್ನೆ ಬರದಾಂವನ ಮನಿಯೊಳಗ ಮಾವ ಮದಿವಿ ಆಗೂದಿಲ್ಲ. ಆಂವನ ಮನಿ ಲೆಕ್ಕ ಆಂವಗ ಕೊಡು."

ಅವಳು ಅದನ್ನೇ ಹಿಡಿದಳು. ಲೆಕ್ಕದೊಳಗಿನ ಜನರಿಗೆಲ್ಲ ಚಮನಸಾಬನ ಮನೆಯವರ ಹೆಸರಿಟ್ಟಳು. ಅಜ್ಜಿ ಹಜರತಬಿ, ಸೊಸೆ ಕಾಸಿಂಬಿ. ತಾಯಿಯ ಕಡೆಯ ಲೆಕ್ಕಗಳೆಲ್ಲ ಗುಂಡು ಹೊಡೆದ ಹಾಗೆ ಬಂದವು. ಎಂಟು ದಿನ ಮುಖದಲ್ಲಿ ಬೆಳಕಿತ್ತು. ಒಂಬತ್ತನೆಯ ದಿನ 'ಅಪ್ಪನ ತಮ್ಮನ ಮಗಳು ಏನಾಗಬೇಕು' ಎಂಬ ಲೆಕ್ಕ ಬಂತು. ಪುಸ್ತಕ ತಂಗಿ ಅಂದಿತು. ಚಮನಸಾಬ ನಕ್ಕ. "ಕಾಸಿಂಬಿ ನನ್ನ ಚಾಚಾನ ಮಗಳ ಅದಾಳ್ರಿ. ತಂಗಿ ಅಂದ್ರ ಮನ್ಯಾಗ ರೊಟ್ಟಿ ಸಿಗೂದಿಲ್ಲ."

ಇಡೀ ಇಳಕಲ್ಲಿನಲ್ಲಿ ಆ ಪರೀಕ್ಷೆಗೆ ಹೊಂದುವ ಒಂದು ಮನೆ ಇರಲಿಲ್ಲ. ಕಡೆಗೆ ಅವಳು ತಾಯಿಯ ಕಡೆಯವರನ್ನು ಚಮನಸಾಬನ ಮನೆಯಿಂದ, ಅಪ್ಪನ ಕಡೆಯವರನ್ನು ನಮ್ಮ ಮನೆಗಳಿಂದ ತಂದು ಒಂದು ಸಂಸಾರ ಹೂಡಿದಳು. ನಮ್ಮ ಸೀರೆಗೆ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ ಹಾಕಿ ಎಳೆ ಎಳೆಗೂ ಕೊಂಡಿ ಕೂಡಿಸುತ್ತೇವಲ್ಲ, ಹಾಗೆ. ಆದರೆ ಸೀರೆಯ ಕೊಂಡಿ ನಿಲ್ಲುತ್ತದೆ. ಇವಳದ್ದು ಗಳಿಗೆಗೊಮ್ಮೆ ಬಿಚ್ಚುತ್ತಿತ್ತು. ಸೋದರಮಾವ ಅಂತ ಬರೆದು ಒಂದು ಗೆರೆ ಎಳೆದರೆ ಸಾಕು, ಆ ಗೆರೆ ತನ್ನಷ್ಟಕ್ಕೆ ತಿರುಗಿ ಅವಳ ಕಡೆಗೇ ಬರುತ್ತಿತ್ತು.

ಚಳಿಗಾಲ ಮುಗಿಯುವ ಹೊತ್ತಿಗೆ ಹುಡುಗಿ ಅರ್ಧವಾಗಿದ್ದಳು. ರೊಟ್ಟಿ ಬಡಿಯುತ್ತ ಹಿಟ್ಟಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಾಳೆ, ರೊಟ್ಟಿ ಹೊತ್ತುತ್ತದೆ ಎಂದು ತಾಯಿಯ ದೂರು. ಕೂದಲು ಬಾಚುವುದನ್ನು ಮರೆತಳು. ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು, ಪುಸ್ತಕ ಮುಚ್ಚಿತ್ತು.

"ಯಾಕವ್ವಾ, ಇವತ್ತ ಅಂಗಡಿ ಬಂದ್ ಏನು?" ಎಂದೆ.

"ಕಾಕಾ, ನನ್ನ ಕಿವಿ ಚುಚ್ಚಿಸೂ ಮುಂದ ಮಾಮಾನ ತೊಡಿ ಮ್ಯಾಲ ಕುಂದರಿಸಿದ್ರಂತ. ನಾ ಅತ್ತು ಅತ್ತು ಅವರ ಕೈ ಕಚ್ಚಿದ್ನಂತ. ಈಗೂ ಗುರ್ತು ಐತಿ, ಬಂದಾಗೊಮ್ಮೆ ತೋರಿಸಿ ನಗ್ತಾರ." ಮುಚ್ಚಿದ ಪುಸ್ತಕವನ್ನು ಪಕ್ಕಕ್ಕೆ ಸರಿಸಿದಳು. "ಅವರು ಕೆಟ್ಟವರು ಇದ್ದಿದ್ರ ಛಲೋ ಇತ್ತು. ಬ್ಯಾಡ ಅನ್ನಾಕ ಒಂದು ಕಾರಣರೆ ಸಿಗ್ತಿತ್ತು. ಯಾರಿಗೆ ಏನಂತ ಹೇಳ್ಲಿ? ಇದೊಂದು ಪೇಪರ ಆಗಲಿಲ್ಲ ಅಂದ್ರ ನನ್ನ ಕಡೆ ಬ್ಯಾರೆ ಮಾತ ಇಲ್ರಿ."

ನಾನು ಸೀರೆ ಮಡಚುತ್ತ ಕೂತೆ.

ಫೆಬ್ರವರಿಯಲ್ಲಿ ಪರೀಕ್ಷೆ. ಬಾಗಲಕೋಟೆಗೆ ಒಬ್ಬಳೇ ಹೋಗುವ ಮಾತೇ ಇಲ್ಲ. "ಮಾಮಾನ ಜೋಡಿ ಹೋಗು" ಎಂದಳು ಗುರುಸಿದ್ದವ್ವ. ಬೇರೆ ಯಾರ ಜೊತೆ ಕಳಿಸಬೇಕು? ಪಾಸಾದರೆ ಕೈತಪ್ಪುವ ಹುಡುಗಿಯನ್ನು ಪರೀಕ್ಷೆಗೆ ಕರೆದೊಯ್ಯುವುದಕ್ಕೆ ರಾಚಪ್ಪ ಬಾದಾಮಿಯಿಂದ ಹಿಂದಿನ ದಿನವೇ ಬಂದು ಇಳಿದ, ಜೊತೆಗೆ ಅವಳಿಗೆ ಎರಡು ಹೊಸ ಪೆನ್ಸಿಲು ತಂದಿದ್ದ. ನನಗೂ ಬಾಗಲಕೋಟೆಯಲ್ಲಿ ನೂಲಿನ ಕೆಲಸವಿತ್ತು. ಮೂವರೂ ಮೊದಲ ಬಸ್ಸು ಹತ್ತಿದೆವು. ಕಿಟಕಿಗೆ ಅವಳು, ನಡುವೆ ರಾಚಪ್ಪ, ಈ ತುದಿಗೆ ನಾನು.

ಹುನಗುಂದ ದಾಟುವವರೆಗೆ ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. ಬರೆಯುತ್ತಿದ್ದಳು, ಹೊಡೆದು ಹಾಕುತ್ತಿದ್ದಳು. ತುಟಿ ಬಿಳಚಿತ್ತು. ನನಗೆ ಅರ್ಥವಾಯಿತು. ಚಮನಸಾಬನ ಮನೆಯವರನ್ನು ಎಷ್ಟು ಕರೆದರೂ ಇವತ್ತು ಬರುತ್ತಿಲ್ಲ. ಪಕ್ಕದಲ್ಲಿ ಭುಜಕ್ಕೆ ಭುಜ ತಾಗಿಸಿ ಖರೆಯ ಸೋದರಮಾವನೇ ಕೂತಿದ್ದಾನೆ.

"ಏನದು ಅಷ್ಟು ಗುದ್ದಾಡಾಕ ಹತ್ತೀದಿ?" ಎಂದ ರಾಚಪ್ಪ, ಚುರುಮುರಿಯ ಪೊಟ್ಟಣ ಬಿಚ್ಚುತ್ತ. "ನನಗೊಂದು ಕೇಳು. ದಲ್ಲಾಲಿ ತಲಿ ಐತಿ, ನೋಡೂಣು."

"ಬ್ಯಾಡ ಬಿಡ್ರಿ ಮಾಮಾ."

"ಯಾಕ? ನಾ ಸಾಲ್ಯಾಗ ಏಳನೇತ್ತ ಪಾಸ ಅದೇನಿ."

ಅವಳು ಕೊಡಲಿಲ್ಲ. ನಾನು ಪುಸ್ತಕ ಇಸಿದುಕೊಂಡು ಕನ್ನಡ ಮಾಡಿ ಓದಿದೆ. "ಒಬ್ಬಾಕಿ ಒಬ್ಬ ಗಂಡಸನ್ನ ತೋರಿಸಿ ಅಂತಾಳ: ಇವರ ತಾಯಿಗೆ ಒಬ್ಬಾಕೀನ ಮಗಳು, ಆಕೀನ ನಮ್ಮವ್ವ. ಹಂಗಾದ್ರ ಆ ಗಂಡಸು ಆಕಿಗೆ ಏನಾಗಬೇಕು? ತಂದಿ, ಅಣ್ಣ, ಸ್ವಾದರಮಾವ, ಗಂಡ. ನಾಲ್ಕರಾಗ ಒಂದು."

ರಾಚಪ್ಪ ಚುರುಮುರಿ ಬಾಯಿಗೆ ಹಾಕಿಕೊಳ್ಳುವುದನ್ನು ನಿಲ್ಲಿಸಿ ಯೋಚಿಸಿದ. "ಅವನ ತಾಯಿ... ನಮ್ಮವ್ವ ಅಂತ ತಿಳೀರಿ. ಆಕಿಗೆ ಒಬ್ಬಾಕೀನ ಮಗಳು, ನಮ್ಮಕ್ಕ. ನಮ್ಮಕ್ಕನ ಮಗಳು..." ಮುಖ ಅರಳಿತು. "ಲೇ ಶಿವವ್ವ! ಇದು ನಂದ ಐತಲ್ಲ! ಪುಣೇದಾಗ ನಮ್ಮನ್ನ ಕೇಳಿ ಬರದಾರೇನು? ಗಂಡ. ಗಂಡ ಅಂತ ಬರಿ."

ಹಿಂದಿನ ಸೀಟಿನ ಮುದುಕಿಯೊಬ್ಬಳು ನಕ್ಕಳು. ಶಿವಬಸವ್ವ ನಗಲಿಲ್ಲ.

"ತಪ್ಪು, ಮಾಮಾ."

"ಹ್ಯಾಂಗ ತಪ್ಪು?"

"ಸ್ವಾದರಮಾವ ಅಂತ ಉತ್ತರ."

"ಅದಂತೂ ಆದಾಂವ ಅದೇನಿ! ಇವತ್ತ ಮಾವ, ವೈಶಾಖಕ್ಕ ಗಂಡ. ಯಾವ ತಿಂಗಳದ್ದು ಅಂತ ಕೇಳದ ಉತ್ತರ ಕೇಳಿದ್ರ ಹ್ಯಾಂಗ?" ಅವನು ನನ್ನ ಕಡೆ ತಿರುಗಿದ. "ಅಂದಾನಪ್ಪಾರ, ನೀವ ಹೇಳ್ರಿ."

ನಾನು ಹೇಳುವ ಮೊದಲೇ ಅವಳು ಮಾತಾಡಿದಳು. ದನಿ ಸಣ್ಣದು, ಬಸ್ಸಿನ ಸಪ್ಪಳದಲ್ಲಿ ಬಗ್ಗಿ ಕೇಳಬೇಕಾಯಿತು. "ಆ ಪೇಪರಿನೊಳಗ ಮಾವ ಅಂದ್ರ ಮಾವನ, ಮಾಮಾ. ಅವರು ಎಂದೂ ಗಂಡ ಆಗೂದಿಲ್ಲ. ಅದನ್ನ ನಂಬಿದವರಿಗಷ್ಟ ಮಾರ್ಕ್ಸು. ವರ್ಷಾತು, ನಂಬಾಕ ಕಲ್ಯಾಕತ್ತೇನಿ. ಆಗವಲ್ತು. ನಿಮ್ಮ ಮುಖಾನ ಬರ್ತೈತಿ, ನಂದೂ ಬರ್ತೈತಿ, ಎಲ್ಲಾ ಗೊಂದಲ ಆಗಿ ಹೊಕ್ಕೈತಿ." ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು. ಬೆನ್ನು ಅಲುಗುತ್ತಿತ್ತು.

ರಾಚಪ್ಪ ಚುರುಮುರಿಯ ಪೊಟ್ಟಣವನ್ನು ಮಡಚಿದ. ಬಹಳ ಸಾವಕಾಶ ಮಡಚಿದ, ಒಳಗೆ ಬಂಗಾರವಿದ್ದ ಹಾಗೆ. ಶೇಂಗಾದ ಕಾಯಿ ಕೈಯಲ್ಲಿ ಹಿಡಿದರೆ ಒಳಗಿನ ಕಾಳು ಎಷ್ಟು ಅಂತ ಹೇಳುವ ಮನುಷ್ಯ ಅವನು. ಅಂದು ಎಷ್ಟು ತಿಳಿಯಿತೋ, ಮುಖದಲ್ಲಿ ಏನೂ ಕಾಣಗೊಡಲಿಲ್ಲ.

ಕಾಲೇಜಿನ ಗೇಟಿನ ಮುಂದೆ ಹುಡುಗರ ಗುಂಪು. ಹುಡುಗಿಯರು ಕೈಬೆರಳಿನಲ್ಲಿ ಎಣಿಸುವಷ್ಟು. ಅವಳು ಒಳಗೆ ಹೋಗಲಾರದೆ ನಿಂತಳು. ರಾಚಪ್ಪ ಹತ್ತಿರ ಹೋಗಿ ಪೆನ್ಸಿಲು ಕೊಟ್ಟ.

"ಶಿವವ್ವ, ಇಲ್ಲಿ ಕೇಳು. ಇವತ್ತ ಸಂಜಿತನಕಾ ನಾ ಬರೇ ನಿನ್ನ ಮಾವ. ಬ್ಯಾರೆ ಏನೂ ಅಲ್ಲ. ನಿಮ್ಮವ್ವ ಏನ ಅಂದಿರಲಿ, ಊರ ಮಂದಿ ಏನ ಅಂದಿರಲಿ. ನಾ ಹೇಳಾಕತ್ತೇನಿ. ಸಂಜಿತನಕಾ. ಹೋಗಿ ಬರಿ."

ಅವಳು ಅವನ ಮುಖ ನೋಡಿದಳು. ಪೆನ್ಸಿಲು ತೆಗೆದುಕೊಂಡಳು. ಒಳಗೆ ಹೋದಳು.

ನನ್ನ ಕೆಲಸ ಮುಗಿಸಿ ಬರುವಷ್ಟರಲ್ಲಿ ರಾಚಪ್ಪ ಅದೇ ಗೇಟಿನ ಎದುರಿನ ಬೇವಿನ ಮರದ ಕೆಳಗೆ ಕೂತಿದ್ದ. ಊಟ ಮಾಡಿರಲಿಲ್ಲ. "ಏನ್ ಲೇ ರಾಚಪ್ಪ, ನಿನಗೂ ಪರೀಕ್ಷೆ ಇತ್ತೇನು?" ಎಂದೆ. "ಹೂಂನ್ರಿ" ಎಂದ, ಅಷ್ಟೆ.

ಅವಳು ಹೊರಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಆದರೆ ನೆಟ್ಟಗೆ ನಡೆದು ನಮ್ಮ ಹತ್ತಿರ ಬಂದಳು. ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಬಸ್ಸು ತಡವಾಗಿತ್ತು. ಚಾ ಕುಡಿದೆವು.

"ಸಂಬಂಧದ್ದು ಬಂದಿದ್ವೇನು?" ರಾಚಪ್ಪನೇ ಕೇಳಿದ.

"ಬಂದಿದ್ವು."

"ಏನ ಬರದಿ?"

"ಮಾವ ಬಂದಲ್ಲೆಲ್ಲ ಮಾವ ಅಂತ ಬರದೆ."

ಹೊತ್ತು ಮುಳುಗಿತು. ಚಾದಂಗಡಿಯವನು ಪೆಟ್ರೋಮ್ಯಾಕ್ಸಿಗೆ ಗಾಳಿ ಹೊಡೆಯತೊಡಗಿದ. ಆಕಾಶದಲ್ಲಿ ಕೆಂಪು ಹೋಗಿ ಬೂದಿ ಬಂತು. ಶಿವಬಸವ್ವ ಒಮ್ಮೆ ಆಕಾಶ ನೋಡಿದಳು, ಒಮ್ಮೆ ರಾಚಪ್ಪನನ್ನು. ಅವಳು ನೋಡಿದ ರೀತಿಯನ್ನು ನಾನು ಮತ್ತೆ ಯಾರ ಕಣ್ಣಲ್ಲೂ ಕಂಡಿಲ್ಲ. ಗಲ್ಲಿಗೆ ಹೋಗುವವರು ಹೊತ್ತು ಕೇಳುವಂತೆ ಕೇಳಿದಳು.

"ಸಂಜಿ ಆತಲ್ರಿ ಮಾಮಾ."

ರಾಚಪ್ಪ ತಲೆ ಎತ್ತಿ ಕತ್ತಲೆಯನ್ನು ನೋಡಿದ. "ಎಲ್ಲೈತಿ?" ಎಂದ. "ಇನ್ನೂ ಆಗಿಲ್ಲ."

ಏಪ್ರಿಲಿನಲ್ಲಿ ಕಾರ್ಡು ಬಂತು. ಪಾಸು. ಶಿವಬಸವ್ವ ಕಾರ್ಡು ಹಿಡಿದು ತಾಯಿಯ ಮುಂದೆ ನಿಂತಳು. ಗುರುಸಿದ್ದವ್ವ ಅದನ್ನು ದೇವರ ಮಾಡದ ಗೂಡಿನಲ್ಲಿಟ್ಟು, "ಛಲೋ ಆತು" ಎಂದಳು. ಮರುದಿನ ನನ್ನನ್ನು ಕರೆಸಿದಳು. "ಅಣ್ಣಾರ, ನಾಳಿಗೆ ರಾಚಪ್ಪ ಬರ್ತಾನ. ಲಗ್ನದ ಸೀರಿ ತಗೊಂಡು ಬರ್ರಿ."

"ಪಾಸಾದ್ರ ನೋಡೂಣು ಅಂದಿದ್ದಿಯಲ್ಲವಾ ತಂಗಿ?"

"ನೋಡೇನಲ್ಲ ಮತ್ತ? ಅಕ್ಕಿಕಾಳು ಬೀಳಲಿ, ಆಮ್ಯಾಗ ಗಂಡ ಕಳಿಸಿದ್ರ ಹೋಗಿ ಓದಲಿ. ನಾ ಬ್ಯಾಡ ಅಂದೆನೇನು?"

ಹೊಸ್ತಿಲ ಮೇಲಿನ ಮಾತು ಅಂತ ಮೊದಲೇ ಹೇಳಿದೆನಲ್ಲ. ಗಂಟು ಕಟ್ಟಿಕೊಂಡು ಹೋದೆ. ಪಡಸಾಲೆಯಲ್ಲಿ ಚಾಪೆ ಹಾಸಿ ಸೀರೆ ಹರವಿದೆ. ರಾಚಪ್ಪ ಕಂಬಕ್ಕೆ ಒರಗಿ ಕೂತಿದ್ದ. ಶಿವಬಸವ್ವ ಅಡಿಗೆಮನೆಯ ಬಾಗಿಲಲ್ಲಿ ಕೂತು ನೆಲ ನೋಡುತ್ತಿದ್ದಳು. ತಾಯಿ ಕರೆದರೂ ಏಳಲಿಲ್ಲ. ನಾನು ಒಂದು ಸೀರೆ ತೋರಿಸುವ ನೆಪದಲ್ಲಿ ಹತ್ತಿರ ಹೋದಾಗ ಪಿಸುಗುಟ್ಟಿದಳು: "ಕಾಕಾ, ಎಲ್ಲಾ ಸರಿ ಬರದೆ. ಇನ್ನೂ ಏನ ಬರೀಬೇಕಿತ್ರಿ ನಾನು?"

ನನ್ನ ಕೈಯಲ್ಲಿದ್ದ ಸೀರೆ ಮಡಿಕೆ ತಪ್ಪಿತು.

"ಆ ಕುಂಕುಮ ಬಣ್ಣದ್ದು ಕೊಡ್ರಿ" ಎಂದ ರಾಚಪ್ಪ. ಗಂಟಿನಲ್ಲಿದ್ದ ಅತ್ಯುತ್ತಮ ಸೀರೆ ಅದು. ಅಂಚಿನ ದಡಿ ಮುಟ್ಟಿ ನೋಡಿ, ಎದ್ದು ಹೋಗಿ ಸೊಸೆಯ ಮುಂದೆ ಇಟ್ಟ. "ಇದು ಆಕಿಗೆ."

"ಲಗ್ನದ ಧಾರಿಗೆ ಬ್ಯಾರೆ ತೋರಿಸಲಿ ಅಲ್ಲೇನೋ?" ಎಂದಳು ಗುರುಸಿದ್ದವ್ವ.

"ಧಾರಿಗಲ್ಲಕ್ಕಾ. ಅಕ್ಕನ ಮಗಳು ಓದಾಕ ಪರಊರಿಗೆ ಹೊಂಟಾಳ. ಸ್ವಾದರಮಾವ ಒಂದು ಸೀರಿ ಉಡಿಸಿ ಕಳಿಸಬೇಕಲ್ಲ? ಉಳಿದದ್ದು ಗಂಟು ಕಟ್ರಿ ಅಂದಾನಪ್ಪಾರ."

ಗುರುಸಿದ್ದವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದ ಮೇಲೆ ಕೂಗಿದಳು. "ನನ್ನ ಮಗಳು ಬ್ಯಾಡಾದ್ಲೇನಲೇ ನಿನಗ? ಇಪ್ಪತ್ತು ವರ್ಷ ನಿನ್ನ ಹೆಸರಿಲೆ ಬೆಳೆಸೇನಿ!"

"ಬೇಕಕ್ಕಾ. ಅಕ್ಕನ ಮಗಳಾಗಿ ಬೇಕು."

"ಏನ ತಪ್ಪು ಮಾಡ್ಯಾಳ ಆಕಿ?"

"ಏನಿಲ್ಲ. ಬಾಗಲಕೋಟ್ಯಾಗ ಸಂಜಿತನಕಾ ಅಂತ ಆಕಿಗೊಂದು ಮಾತು ಕೊಟ್ಟಿದ್ದೆ." ಅವನು ಬಾಗಿಲ ಕಡೆ ನೋಡಲಿಲ್ಲ. "ಅದು ಇನ್ನೂ ಆಗಿಲ್ಲ."

ಗುರುಸಿದ್ದವ್ವನಿಗೆ ಈ ಮಾತಿನ ತಲೆ ಬುಡ ತಿಳಿಯಲಿಲ್ಲ. ತಿಳಿದ ಇಬ್ಬರಲ್ಲಿ ಒಬ್ಬಳು ಕುಂಕುಮದ ಸೀರೆಗೆ ಮುಖ ಮುಚ್ಚಿ ಅಳುತ್ತಿದ್ದಳು. ಇನ್ನೊಬ್ಬ ಹದಿನಾಲ್ಕು ಸೀರೆ ವಾಪಸು ಗಂಟು ಕಟ್ಟುತ್ತಿದ್ದ. ನನ್ನ ಜೀವಮಾನದಲ್ಲಿ ಅಷ್ಟು ದೊಡ್ಡ ವ್ಯಾಪಾರ ಕೆಟ್ಟು, ಅಷ್ಟು ಹಗುರಾಗಿ ಮನೆಗೆ ನಡೆದದ್ದು ಅದೊಂದೇ ಸಲ.

ಇಷ್ಟಕ್ಕೇ ಸುಖ ಬಂತು ಅಂತ ಯಾರೂ ತಿಳಿಯಬಾರದು. ಮಾವನೇ ಬಿಟ್ಟ ಅಂದರೆ ಹುಡುಗಿಯಲ್ಲಿ ಏನೋ ಐಬು ಇರಬೇಕು ಎಂದಿತು ಊರು. ಸಾಲೆ ಓದಿದ ಸೊಕ್ಕು ಎಂದರು ಕೆಲವರು. ಗುರುಸಿದ್ದವ್ವ ತಮ್ಮನ ಜೋಳದ ಚೀಲವನ್ನು ಹೊಸ್ತಿಲಿನಿಂದಲೇ ವಾಪಸು ಕಳಿಸಿದಳು, ಹೊಲಿಗೆ ಮಿಷನ್ನು ಹಾಕಿ ಕಣ್ಣು ಕೆಡಿಸಿಕೊಂಡಳು. ಮಗಳನ್ನು ಬಸ್ಸಿಗೆ ಹತ್ತಿಸಲಿಕ್ಕೂ ಬರಲಿಲ್ಲ. ಜೂನಿನಲ್ಲಿ ಪುಣೆಯ ಬಸ್ಸಿಗೆ ಅವಳನ್ನು ಹತ್ತಿಸಿದವರು ನಾನು ಮತ್ತು ಚಮನಸಾಬ. ಅವನು ನೀಲಿ ಕೈಯಲ್ಲಿ ಬುತ್ತಿ ಹಿಡಿದು ಬಂದಿದ್ದ, ಕಾಸಿಂಬಿ ಕಟ್ಟಿಕೊಟ್ಟದ್ದು. "ಅಲ್ಲಿ ಯಾರರೆ ಲೆಕ್ಕ ಕೇಳಿದ್ರ ನಮ್ಮ ಮನಿ ಐತಿ ನೋಡವ್ವಾ" ಎಂದ. ಅವಳು ಕುಂಕುಮದ ಸೀರೆ ಉಟ್ಟಿದ್ದಳು. ಮಡಿಕೆ ಸರಿಯಾಗಿ ಕೂತಿರಲಿಲ್ಲ.

ಓದು ಮುಗಿಸಿ ಅವಳು ಹುನಗುಂದದ ಕಡೆ ಶೇಂಗಾ ಬೆಳೆಗಾರರ ಒಂದು ಸಹಕಾರಿ ಸಂಘಕ್ಕೆ ಬಂದಳು. ರೈತರ ಮಾಲು ನೇರವಾಗಿ ಸಂಘಕ್ಕೆ ಬರಬೇಕು, ನಡುವೆ ದಲ್ಲಾಲಿ ಬೇಡ ಎಂಬುದೇ ಅವಳ ನೌಕರಿ. ಮಾವನ ಹೊಟ್ಟೆಯ ಮೇಲೆ ಮೊದಲ ಕಲ್ಲು ಹಾಕಿದವಳು ಸೊಸೆಯೇ ಅಂತ ನಾನು ರಾಚಪ್ಪನನ್ನು ಕಾಡಿಸುತ್ತಿದ್ದೆ. "ಹಾಕಲಿ ಬಿಡ್ರಿ, ಸಣ್ಣಾಕಿ ಇದ್ದಾಗ ಕಚ್ಚಿದಾಕಿ" ಎಂದು ಕೈಯ ಗುರುತು ತೋರಿಸುತ್ತಿದ್ದ.

ರಾಚಪ್ಪ ಆಮೇಲೆ ಚೊಳಚಗುಡ್ಡದ ಬೋರವ್ವ ಎಂಬ ಹೆಣ್ಣನ್ನು ಮದುವೆಯಾದ. ಗುರುಸಿದ್ದವ್ವ ಬರಲಿಲ್ಲ. ಶಿವಬಸವ್ವ ಬಂದಿದ್ದಳು, ನಾನೂ ಹೋಗಿದ್ದೆ. ಮದುವೆಯ ಮರುದಿನ ಬಾದಾಮಿಯ ಆ ಮನೆಯಲ್ಲಿ ಊಟಕ್ಕೆ ಕೂತಾಗ ಅವಳು ಒಮ್ಮೆಗೇ ಕೈ ನಿಲ್ಲಿಸಿದಳು. ಒಲೆಯ ಮುಂದೆ ಅಜ್ಜಿ, ಬಡಿಸುತ್ತ ಹೊಸ ಸೊಸೆ ಬೋರವ್ವ, ತಾಟಿನ ಮುಂದೆ ರಾಚಪ್ಪ, ಅವನ ಪಕ್ಕಕ್ಕೆ ಇವಳು.

"ಕಾಕಾ, ಎಣಿಸ್ರಿ" ಎಂದಳು. "ಅಜ್ಜಿ, ಮೊಮ್ಮಗಳು, ಅತ್ತಿ, ಸೊಸಿ, ಗಂಡ, ಹೆಂಡತಿ, ಮಾವ. ಕಮ್ಮೀತ ಕಮ್ಮಿ ಎಷ್ಟು ಮಂದಿ?"

"ನಾಕು" ಎಂದೆ. ಬಂದು ಕುಂತಾಕಿ ಯಾರು ಅಂತ ಕಡೆಗೂ ಗೊತ್ತಾಗಿತ್ತು. ಪಾಪ, ಬೋರವ್ವ ನಾವು ಯಾಕೆ ನಗುತ್ತಿದ್ದೇವೆ ಅಂತ ತಿಳಿಯದೆ ಸೆರಗು ಸರಿಮಾಡಿಕೊಂಡಳು.

ಎಂಬತ್ತೆಂಟರಲ್ಲಿ ನನ್ನ ಹೆಂಡತಿಯ ತಮ್ಮ ಹುನಗುಂದದಿಂದ ಬಂದು ನನ್ನ ಮಗಳನ್ನು ಕೇಳಿದ. ಒಳ್ಳೆಯ ಹುಡುಗ, ಸ್ವಂತ ಅಂಗಡಿ. ಹೆಂಡತಿ ಆಗಲೇ ಸಕ್ಕರೆ ಹಂಚಲು ಡಬ್ಬಿ ತೆಗೆದಿದ್ದಳು. ನಾನು ಒಂದು ಮಾತು ಕೇಳಿ ಬರುತ್ತೇನೆಂದು ಒಳಗೆ ಹೋಗಿ ಮಗಳನ್ನು ಕೇಳಿದೆ. ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಯಾರೂ ಯಾವ ಹುಡುಗಿಯನ್ನೂ ಕೇಳಿದ್ದಿಲ್ಲ. ಅವಳು ಬೇಡ ಎಂದಳು. ಹೊರಗೆ ಬಂದು ಬೇಡ ಎಂದೆ. ಹೆಂಡತಿ ದೀಪಾವಳಿಯವರೆಗೆ ನನ್ನ ಜೊತೆ ಮಾತು ಬಿಟ್ಟಳು.

ಆ ದಿನ ಒಳಗೆ ಹೋಗಿ ಕೇಳುವ ಬುದ್ಧಿ ನನಗೆ ಶಿವಬಸವ್ವನಿಂದ ಬಂತು. ಅದಕ್ಕೆ ನಾನು ಅವಳ ಋಣದಲ್ಲಿದ್ದೇನೆ.